ನಿನ್ನ ಅಳತೆಗೆ ಕೊಯ್ದದ್ದು

ಕೆ.ಆರ್. ಪೇಟೆ
೧೪ ಅಕ್ಟೋಬರ್ ೨೦೨೪

ಕಿಟ್ಟಿಗೆ,

ಕಾಗದ ಶುರು ಮಾಡುವಾಗ ಕ್ಷೇಮಸಮಾಚಾರ ಬರೆಯಬೇಕು ಅಂತ, ನಮ್ಮ ಪಂಚಾಯ್ತಿಗೆ ಕೂತ ಚಿಕ್ಕಸಿದ್ದಯ್ಯ ಮಾವ ಹೇಳಿಕೊಟ್ಟಿದ್ದಾರೆ. ನಾನು ಚೆನ್ನಾಗಿದ್ದೇನೆ. ನಿನ್ನದು ನೀನು ಬರೆಯಬೇಕಾಗಿಲ್ಲ. ಗಂಡನನ್ನು ಕಾಗದದಲ್ಲಾದರೂ 'ನೀವು' ಅನ್ನು ಅಂತಲೂ ಹೇಳಿದರು. ಐದು ವರ್ಷ ಬಾಯಿಗೆ ಬಾರದ್ದು ಪೆನ್ನಿಗೆ ಎಲ್ಲಿಂದ ಬರಬೇಕು?

ಮಾವನ ತೀರ್ಪು ನಿನಗೂ ನೆನಪಿರಬೇಕು. ನಿಮ್ಮ ಕಡೆಯವರು, ನಮ್ಮ ಕಡೆಯವರು ಎಲ್ಲ ಜಗಲಿಯ ಮೇಲೆ ಕೂತಿದ್ದಾಗ ಹೇಳಿದ್ದು: "ಫೋನ್ನಾಗೆ ಬಾಯಿ ಮುಂದ್ಕೋಯ್ತದೆ, ಬುದ್ಧಿ ಇಂದೆ ಕುಂತ್ಕತದೆ. ಸಂಕ್ರಾಂತಿ ಗಂಟ ಒಬ್ರ ಮಕ ಒಬ್ರು ನೋಡ್ಬ್ಯಾಡಿ, ಫೋನೂ ಬ್ಯಾಡ. ಏನಿದ್ರೂ ಕಾಗ್ದ ಬರ್ಕಳಿ. ಆಮೇಲೆ ಕೂಡಿ ಬಾಳ್ತೀರೋ ಬುಡ್ತೀರೋ ಕುಂತ್ಕಂಡು ನೋಡಾನ." ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಮೇಲಿನ ಆಸೆಗಲ್ಲ.

ವಿಷಯ ಇಷ್ಟು. ನಿಮ್ಮ ಅಟ್ಟದ ಮೇಲೆ ಅತ್ತೆಯ ಹಳೇ ಸೀರೆಯಲ್ಲಿ ಸುತ್ತಿಟ್ಟ, ಸೈಕಲ್ಲಿನ ಮುಂದಿನ ಚಕ್ರ ಹಿಡಿಯುವ ಫೋರ್ಕು ಇದೆಯಲ್ಲ, ಅದು ನನಗೆ ಬೇಕು. ಇಬ್ಬರೂ ಸೇರಿ ಕೊಂಡದ್ದು. ಅದರ ಮೇಲಿನ ಕೊಳವೆಯನ್ನು ಇನ್ನೂ ಯಾರ ಬೈಕಿನ ಅಳತೆಗೂ ಕೊಯ್ದಿಲ್ಲ. ನಿನ್ನ ಬೈಕು ಎತ್ತರದ್ದು, ನನ್ನದು ಗಿಡ್ಡ. ಒಂದು ಸಲ ನನ್ನ ಅಳತೆಗೆ ಕೊಯ್ದರೆ ನಿನ್ನದಕ್ಕೆ ಬರುವುದಿಲ್ಲ ಅನ್ನುವ ಜಗಳದಲ್ಲೇ ಅದು ಅಟ್ಟ ಹತ್ತಿತು. ಈಗ ನನ್ನ ಬೈಕಿನಲ್ಲಿರುವ ಫೋರ್ಕು ನೂರು ಮಿಲಿಮೀಟರ್ ಕುಸಿಯುತ್ತದೆ, ಅಷ್ಟೇ. ಕುಂತಿಬೆಟ್ಟದ ಕಲ್ಲುಗಳ ಏಟೆಲ್ಲ ನನ್ನ ಮಣಿಕಟ್ಟಿಗೆ ಬರುತ್ತದೆ. ಅಟ್ಟದ ಮೇಲಿನದು ನೂರ ನಲವತ್ತು ಕುಸಿಯುತ್ತದೆ. ಜನವರಿಯ ಮೊದಲ ಭಾನುವಾರ ಸೈಕಲ್ಲಿನಲ್ಲಿ ಬೆಟ್ಟ ಇಳಿಯುವ ಸ್ಪರ್ಧೆ ಇದೆ, ಹೆಸರು ಕೊಟ್ಟಿದ್ದೇನೆ. ಶ್ರೀರಂಗಪಟ್ಟಣದ ಅಜ್ಮಲ್ ಫಿಟ್ ಮಾಡಿಕೊಡುತ್ತಾನೆ. ನೀನು ಬಸ್ಸಿಗೆ ಹಾಕಿದರೆ ಸಾಕು.

ಉಮ

*

ಕ್ಯಾತನಹಳ್ಳಿ
೨೩ ಅಕ್ಟೋಬರ್ ೨೦೨೪

ಉಮ,

ನೀನು ಬರೆಯಬೇಡ ಅಂದರೂ ಬರೆಯುತ್ತೇನೆ. ನಾನು ಚೆನ್ನಾಗಿಲ್ಲ. ಅಮ್ಮನೂ ಚೆನ್ನಾಗಿಲ್ಲ. ನೀನು ಹೋದಾಗಿನಿಂದ ಸಾರಿಗೆ ಉಪ್ಪು ಹಾಕುವುದನ್ನು ಮರೆಯುತ್ತಾಳೆ. ಯಾಕಮ್ಮಾ ಅಂದರೆ, "ಉಪ್ಪಿನ ರುಣ ಇದ್ದೋಳು ಒಂಟೋದ್ಲಲ್ಲಪ್ಪ, ಇನ್ಯಾರಿಗೆ ಆಕಾನ" ಅನ್ನುತ್ತಾಳೆ. ಸಪ್ಪೆ ಸಾರು ತಿಂದುಕೊಂಡು ಪಾಂಡವಪುರದ ಅಂಗಡಿಗೆ ಹೋಗಿ ಪೈಪು ಕೊಯ್ಯುತ್ತಿದ್ದೇನೆ.

ಫೋರ್ಕು ಕಳಿಸುವುದಿಲ್ಲ. ಹೊಟ್ಟೆಕಿಚ್ಚು ಅನ್ನುತ್ತೀಯ, ಅನ್ನು. ನಿನ್ನ ಬೈಕಿನಲ್ಲಿ ಫೋರ್ಕು ಕೂರುವ ಕತ್ತನ್ನು ನೂರರ ಫೋರ್ಕಿಗೆ ಲೆಕ್ಕ ಹಾಕಿ ಬೆಸೆದಿದ್ದಾರೆ. ಅದಕ್ಕೆ ನೂರ ನಲವತ್ತರದ್ದು ಹಾಕಿದರೆ ಮುಂಭಾಗ ಎತ್ತರವಾಗುತ್ತದೆ, ಚಕ್ರ ಮುಂದಕ್ಕೆ ಚಾಚುತ್ತದೆ, ಪ್ರತಿ ಏಟೂ ಕತ್ತನ್ನು ಹಿಡಿದು ಮೀಟುತ್ತದೆ. ಗಿಡ್ಡ ಹಾರೆಗೆ ಅಲುಗದ ಕಲ್ಲು ಉದ್ದ ಹಾರೆಗೆ ಏಳುತ್ತದೆ, ಅಷ್ಟೇ ಸಂಗತಿ. ರಸ್ತೆಯಲ್ಲಿ ಏನೂ ಆಗುವುದಿಲ್ಲ. ಬಣ್ಣದ ಕೆಳಗೆ ಕೂದಲೆಳೆಯಷ್ಟು ಬಿರುಕು ಬಂದಿರುತ್ತದೆ, ಕಾಣುವುದಿಲ್ಲ. ಒಂದು ದಿನ ಕುಂತಿಬೆಟ್ಟದ ಬಂಡೆಯಿಂದ ಇಳಿಯುವಾಗ ಹ್ಯಾಂಡಲ್ ನಿನ್ನ ಕೈಯಲ್ಲಿರುತ್ತದೆ, ಉಳಿದ ಬೈಕು ಹಿಂದೆ ಉಳಿದಿರುತ್ತದೆ. ಆ ಬಂಡೆಯ ಕೆಳಗೆ ಏನಿದೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ.

ನೀನು ಮಕ್ಕಳಿಗೆ ಕಬಡ್ಡಿ ಹೇಳಿಕೊಡುವವಳು, ಇದೆಲ್ಲ ನಿನಗೆ ತಿಳಿಯದಿದ್ದರೆ ತಪ್ಪಲ್ಲ. ತಿಳಿದವರ ಮಾತು ಕೇಳದಿರುವುದು ತಪ್ಪು. ನಿಮ್ಮಪ್ಪ ನಿನ್ನನ್ನು ಗಂಡು ಹುಡುಗನ ಹಾಗೆ ಬೆಳೆಸಿ ನನ್ನ ತಲೆಗೆ ಕಟ್ಟಿದರು, ನಾನು ಒಂದು ದಿನವೂ ದೂರಲಿಲ್ಲ. ಹಠ ಬಿಟ್ಟು ಸಂಕ್ರಾಂತಿಗೆ ಮನೆಗೆ ಬಾ.

ನಿನ್ನ ಕಿಟ್ಟಿ

*

ಕೆ.ಆರ್. ಪೇಟೆ
೧೮ ನವೆಂಬರ್ ೨೦೨೪

ಕಿಟ್ಟಿಗೆ,

ದೀಪಾವಳಿ ಕಳೆಯಲಿ, ಹಬ್ಬದಲ್ಲಿ ಕೆಟ್ಟ ಮಾತು ಬೇಡ ಅಂತ ಇಷ್ಟು ದಿನ ಸುಮ್ಮನಿದ್ದೆ.

ತಿಳಿದವರ ಮಾತು ಕೇಳಬೇಕು ಅಂದೆ. ಹೋದ ಸಲದ ಸ್ಪರ್ಧೆಯ ಬೆಳಿಗ್ಗೆ ನನ್ನ ಮುಂದಿನ ಚಕ್ರದ ಅಚ್ಚು ಕಾಣೆಯಾಯಿತಲ್ಲ, ಆವತ್ತೂ ನಿನ್ನ ಮಾತು ಕೇಳಿದ್ದೆ. "ಎಲ್ಲೋ ಬಿದ್ದದೆ ಬುಡು, ಉಡುಕಾನ" ಅಂದೆ. ನನ್ನ ಜೊತೆ ಮಂಚದ ಕೆಳಗೆ ತೂರಿದೆ. ಪಾಪ, ಅತ್ತೆ ರಾಗಿ ಡಬ್ಬಿಗೂ ಕೈ ಹಾಕಿ ಹುಡುಕಿದರು. ಸ್ಪರ್ಧೆ ಮುಗಿಯುವ ಹೊತ್ತಾಗುವವರೆಗೆ ಹುಡುಕಿದೆವು. ವಾರದ ಮೇಲೆ ನಿನ್ನ ಪ್ಯಾಂಟು ಒಗೆಯುವಾಗ ಜೇಬಿನಲ್ಲಿ ಸಿಕ್ಕಿತು. ನಾನು ಗೆಲ್ಲುವುದು ನಿನಗೆ ಬೇಕಿರಲಿಲ್ಲ, ಅದು ನನಗೆ ಅರ್ಥವಾಗುತ್ತದೆ. ಆದರೆ ಜೇಬಿನಲ್ಲಿ ಇಟ್ಟುಕೊಂಡು ನನ್ನ ಜೊತೆ ಹುಡುಕಿದೆಯಲ್ಲ, ನಾನು ಮನೆ ಬಿಟ್ಟದ್ದು ಅದಕ್ಕೆ.

ಯಾಕೆ ಬೇಕಿರಲಿಲ್ಲ ಅನ್ನುವುದೂ ಗೊತ್ತು. ಕುಂತಿಬೆಟ್ಟದ ಆ ನುಣ್ಣನೆ ಬಂಡೆಯನ್ನು ನೀನು ಒಂದು ದಿನವೂ ಬೈಕಿನ ಮೇಲೆ ಇಳಿದಿಲ್ಲ. ಪ್ರತಿ ಸಲ ಹುಡುಗರನ್ನೆಲ್ಲ ಮುಂದೆ ಕಳಿಸಿ, ಇಳಿದು, ಬೈಕನ್ನು ತಳ್ಳಿಕೊಂಡು ಪಕ್ಕದ ಪೊದೆಯ ದಾರಿಯಲ್ಲಿ ಬರುತ್ತೀಯ. ಕೆಳಗೆ ಬಂದು "ಚೈನು ಕಳಚ್ಕಂಡ್ಬುಡ್ತು ಕಣ್ಲಾ" ಅನ್ನುತ್ತೀಯ. ಪಾಂಡವಪುರದ ಹುಡುಗರೆಲ್ಲ ನಿನ್ನನ್ನು ಗುರು ಅನ್ನುತ್ತಾರೆ. ಅವರ ಮುಂದೆ "ಹೌದು, ಚೈನು ಹಳೆಯದು" ಅಂತ ಐದು ವರ್ಷ ನಾನೇ ಹೇಳಿಕೊಂಡು ಬಂದೆ. ಮೇಲಿನಿಂದ ನೋಡುವಾಗ ನಿನ್ನ ಮೊಣಕಾಲು ನಡುಗುವುದು ನನಗೆ ಕಾಣುತ್ತಿತ್ತು. ಸಂತೆಗೆ ಹೊರಟ ಮುದುಕಿ ಸೀರೆ ಎತ್ತಿ ಹಳ್ಳ ದಾಟುವ ಹಾಗೆ ಇಳಿಯುತ್ತಿದ್ದೆ.

ಈಗ ಕೊನೆಯ ಸಲ ಕೇಳುತ್ತೇನೆ. ನನ್ನ ಬೈಕಿನ ಕತ್ತು ತಡೆಯುವುದಿಲ್ಲ ಅಂದದ್ದು ನಿಜವೋ, ಅಚ್ಚಿನ ಕತೆಯೋ? ಅತ್ತೆಯ ಮೇಲೆ ಆಣೆ ಇಟ್ಟು ಬರೆ. ತಡೆಯುವುದಿಲ್ಲ ಅಂದರೆ ಹಾಕುವುದಿಲ್ಲ. ತಡೆಯುತ್ತದೆ ಅಂದರೆ ಹಾಕಿಕೊಂಡು ಬಂಡೆ ಇಳಿಯುತ್ತೇನೆ. ಹಾಗಿದ್ದರೆ ಕೊಳವೆಯನ್ನು ನೂರ ಎಂಬತ್ತೈದು ಮಿಲಿಮೀಟರಿಗೆ ಕೊಯ್ದು ಕಳಿಸು. ಗರಗಸ ನಿನ್ನ ಅಂಗಡಿಯಲ್ಲೇ ಇದೆ.

ಉಮ

*

ಕ್ಯಾತನಹಳ್ಳಿ
೨೬ ನವೆಂಬರ್ ೨೦೨೪

ಪ್ರೀತಿಯ ಉಮ,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ನೀನು ಹೇಳಿದ್ದರಲ್ಲಿ ಸುಳ್ಳಿಲ್ಲ. ಅಚ್ಚು ಬಚ್ಚಿಟ್ಟವನು ನಾನೇ.

ಕತ್ತು ಮುರಿಯುತ್ತದೆ ಅಂದದ್ದೂ ಅಂಥದ್ದೇ. ಫೋರ್ಕು ಕೈಬಿಟ್ಟು ಹೋಗುತ್ತದಲ್ಲ ಅನ್ನುವ ಸಂಕಟಕ್ಕೆ ಏನೇನೋ ಬರೆದೆ. ಹಾರೆಯ ಲೆಕ್ಕವೆಲ್ಲ ಸುಮ್ಮನೆ ಹೆದರಿಸಲಿಕ್ಕೆ. ನಿನ್ನ ಬೈಕು ಗಟ್ಟಿ, ಏನೂ ಆಗುವುದಿಲ್ಲ. ಅಮ್ಮನ ಮೇಲೆ ಆಣೆ ಇಟ್ಟು ಬರೆಯುತ್ತಿದ್ದೇನೆ, ಆ ಕತ್ತು ತಡೆಯುತ್ತದೆ.

ನೀನು ಬರೆದ ಅಳತೆಗೇ ಕೊಯ್ದಿದ್ದೇನೆ. ಕೊಯ್ದ ಅಂಚನ್ನು ಅರದಲ್ಲಿ ಉಜ್ಜಿ ನುಣುಪು ಮಾಡಿದ್ದೇನೆ, ನಿನ್ನ ಬೆರಳಿಗೆ ತಾಕಬಾರದು ಅಂತ. ಇನ್ನು ಅದು ನನ್ನ ಬೈಕಿಗೆ ಬರುವುದಿಲ್ಲ, ಬರುವುದೂ ಬೇಡ. ಈವತ್ತು ಬೆಳಿಗ್ಗೆಯೇ ಕುಳ್ಳಯ್ಯ ಕಂಡಕ್ಟರ ಕೈಯಲ್ಲಿ ಬಸ್ಸಿಗೆ ಕೊಟ್ಟಾಯಿತು, ಸಂಜೆಗೆ ನಿನ್ನ ಮನೆ ಸೇರುತ್ತದೆ. ಈ ಕಾಗದ ಅಂಚೆಗೆ ಹಾಕುತ್ತೇನೆ.

ಒಂದು ಮಾತು. ಬಂಡೆಯ ಮೇಲೆ ಬ್ರೇಕ್ ಹಿಡಿಯಬೇಡ. ಉದ್ದ ಫೋರ್ಕು ಇದ್ದಾಗ ಬ್ರೇಕ್ ಹಿಡಿದರೇ ಅಪಾಯ. ಅದನ್ನು ನಂಬಿ ಪೂರ್ತಿ ಬಿಟ್ಟುಬಿಡು, ತಾನೇ ಕಾಪಾಡುತ್ತದೆ. ಗೆದ್ದು ಬಾ.

ನಿನ್ನವನೇ ಆದ
ಕಿಟ್ಟಿ

*

ಕ್ಯಾತನಹಳ್ಳಿ
೨೮ ನವೆಂಬರ್, ಬೆಳಿಗ್ಗೆ

ಉಮ,

ಅಂಚೆಗೆ ಹಾಕಿದರೆ ತಡವಾಗುತ್ತದೆ ಅಂತ ಇದನ್ನು ಕುಳ್ಳಯ್ಯನ ಕೈಗೇ ಕೊಡುತ್ತಿದ್ದೇನೆ.

ಫೋರ್ಕು ಹಾಕಬೇಡ. ನಾನು ಇಪ್ಪತ್ತಾರರಂದು ಬರೆದದ್ದು ಸುಳ್ಳು. ಅದಕ್ಕೆ ಮೊದಲು ಬರೆದದ್ದೇ ನಿಜ, ಆ ಕತ್ತು ತಡೆಯುವುದಿಲ್ಲ. ನೀನು ಮುದುಕಿ ಅಂದದ್ದು ತಲೆಗೆ ಹತ್ತಿತು. ಈ ಎರಡು ದಿನ ಅಂಗಡಿಯಲ್ಲಿ ಯಾವ ಪೈಪಿಗೆ ಗರಗಸ ಇಟ್ಟರೂ ನಿನ್ನ ಕತ್ತೇ ಕಾಣುತ್ತದೆ. ನಿನ್ನೆ ಅಮ್ಮ "ಯಾಕ್ಲಾ ಅನ್ನ ಮುಟ್ನಿಲ್ಲ" ಅಂದಳು. ಅವಳ ಮುಖ ನೋಡಲಿಕ್ಕಾಗಲಿಲ್ಲ, ಅವಳ ಮೇಲೆ ಆಣೆ ಇಟ್ಟು ಸುಳ್ಳು ಬರೆದಿದ್ದೇನಲ್ಲ.

ಹಾಕಬೇಡ ಉಮ. ಸಿಕ್ಕಿತು ಅಂತ ಒಂದು ಸಾಲು ಬರೆದು ಕುಳ್ಳಯ್ಯನ ಕೈಯಲ್ಲೇ ಕಳಿಸು. ಒಂದೇ ಸಾಲು.

ಕಿಟ್ಟಿ

*

ಕ್ಯಾತನಹಳ್ಳಿ
೧೯ ಡಿಸೆಂಬರ್ ೨೦೨೪

ಉಮ,

ಎರಡು ಕಾಗದಕ್ಕೂ ಉತ್ತರವಿಲ್ಲ. ಕುಳ್ಳಯ್ಯ ಕವರು ನಿನ್ನ ಕೈಗೇ ಕೊಟ್ಟೆ ಅನ್ನುತ್ತಾನೆ. "ನಿಂತ್ಕಂಡು ಓದುದ್ರು, ಒಳಿಕ್ಕೋದ್ರು" ಅಂದ. ಓದಿದ ಮೇಲೆ ಏನು ಮಾಡಿದೆ ಅಂತ ಅವನನ್ನು ಕೇಳಿ ಕೇಳಿ, ಈಗ ನನ್ನನ್ನು ಕಂಡರೆ ಬಸ್ಸಿನ ಹಿಂಬಾಗಿಲಿನಿಂದ ಇಳಿದು ಹೋಗುತ್ತಾನೆ.

ಹಿರಿಯರ ಮಾತು ಮೀರಿ ಪೇಟೆಗೆ ಬಂದಿದ್ದೆ. ನಿಮ್ಮಪ್ಪ ಗೇಟಿನ ಹತ್ತಿರವೇ ತಡೆದರು. ಬೈಕು ಹತ್ತಿದರೆ ಅವಳ ಜೀವ ಹೋಗುತ್ತದೆ ಮಾವ ಅಂದೆ. "ಏಳ್ತೀನಿ ಬುಡಪ್ಪ. ಸಂಕ್ರಾಂತಿ ಆದ್ಮೇಲೆ ಬಾ" ಅಂತ ಗೇಟು ಹಾಕಿಕೊಂಡರು. ನೀನು ಕೆಲಸ ಮಾಡುವ ನಾಗಮಂಗಲದ ಶಾಲೆಗೂ ಹೋದೆ. ಮೈದಾನದಲ್ಲಿ ನಿನ್ನ ಸೀಟಿಯ ಸದ್ದು ಕೇಳಿಸುತ್ತಿತ್ತು, ಕಾವಲುಗಾರ ಒಳಗೆ ಬಿಡಲಿಲ್ಲ. ಬೇರೆಯವರ ಫೋನಿನಿಂದ ಮಾಡಿದರೆ ನನ್ನ ದನಿ ಕೇಳುತ್ತಲೇ ಇಟ್ಟುಬಿಟ್ಟೆ.

ಅಜ್ಮಲ್ ಹತ್ತಿರವೂ ಹೋಗಿದ್ದೆ. "ಅಕ್ಕ ಫೋರ್ಕು ತಂದಿದ್ರು ಅಣ್ಣ, ಫಿಟ್ ಮಾಡ್ಕೊಟ್ಟೆ. ಇನ್ನೇನೂ ಕೇಳ್ಬೇಡಿ, ಬಾಯಿ ಬಿಡಬಾರ್ದು ಅಂತ ಅಕ್ಕ ಕಸಮ್ ಆಕ್ಸವ್ರೆ" ಅಂದ. ಅಲ್ಲೇ ಅವನ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವನು ನೀರು ಕೊಟ್ಟ.

ಫಿಟ್ ಮಾಡಿಸಿದ್ದೀಯ. ನನ್ನ ಮಾತು ಸುಳ್ಳು ಅಂತಲೇ ಮಾಡಿಸಿರಬೇಕು, ಅದು ನನ್ನದೇ ತಪ್ಪು. ಬೈಯಿ, ಬಿಡು, ಬೇರೆ ಮದುವೆಯಾಗು. ಅದನ್ನು ಮಾತ್ರ ಹತ್ತಬೇಡ.

ಕಿಟ್ಟಿ

*

ಕ್ಯಾತನಹಳ್ಳಿ
೬ ಜನವರಿ ೨೦೨೫

ಉಮ,

ನಿನ್ನೆ ಬೆಟ್ಟಕ್ಕೆ ಬಂದಿದ್ದೆ. ಹೊರಡುವ ಜಾಗದಲ್ಲಿ ನಿನ್ನನ್ನು ಹಿಡಿಯಬೇಕು ಅಂತ ಬಂದೆ, ಸ್ಪರ್ಧಿಗಳ ಹತ್ತಿರಕ್ಕೆ ಬಿಡಲಿಲ್ಲ. ಬಂಡೆಯ ಪಕ್ಕದ ಪೊದೆಯಲ್ಲಿ ನಿಂತೆ. ನನಗೆ ಗೊತ್ತಿರುವ ಜಾಗ ಅದೊಂದೇ, ನೀನೇ ಬರೆದಿದ್ದೆಯಲ್ಲ. ನೀನು ಬರುವುದು ಕಂಡಾಗ ಅಡ್ಡ ನಿಲ್ಲಬೇಕು ಅಂತಿದ್ದೆ. ಕಾಲು ಬರಲಿಲ್ಲ.

ಕಣ್ಣು ಮುಚ್ಚಿದೆ. ತೆಗೆದಾಗ ನೀನು ಕೆಳಗಿದ್ದೆ, ಬೈಕೂ ಪೂರ್ತಿಯಾಗಿತ್ತು. ಆಗ ನೋಡಿದೆ, ಅದು ನಿನ್ನ ಕೆಂಪು ಬೈಕಲ್ಲ. ಫೋರ್ಕು ಅದೇ, ಆದರೆ ಬೈಕಿನ ಚೌಕಟ್ಟು ನೀಲಿಯದು, ದಪ್ಪ ಕತ್ತಿನದು. ಯಾವಾಗ ಕೊಂಡೆ? ನನಗೆ ಯಾಕೆ ಹೇಳಲಿಲ್ಲ? ಇರಲಿ, ಕೇಳುವುದಿಲ್ಲ. ಪೊದೆಯಲ್ಲೇ ಕೂತು ಅತ್ತೆ. ಹುಡುಗರು ನೋಡಿದರು, ನಾಚಿಕೆಯಾಗಲಿಲ್ಲ.

ಈಗ ಎಲ್ಲ ಸರಿಯಾಯಿತಲ್ಲವೇ? ಸಂಕ್ರಾಂತಿಗೆ ಅಮ್ಮ ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಿದ್ದಾಳೆ, ಈವತ್ತು ಸಾರಿಗೂ ಉಪ್ಪು ಹಾಕಿದ್ದಳು. ಹಿರಿಯರು ಕೂತಾಗ ನಾನು ನನ್ನ ಸುಳ್ಳನ್ನು ಮುಚ್ಚಿಡುವುದಿಲ್ಲ. ಆದರೆ ಕುಳ್ಳಯ್ಯನ ಕೈಯಲ್ಲಿ ಕಳಿಸಿದ ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡಿರು. ನಾನೂ ಮನುಷ್ಯ ಅಂತ ಹೇಳಲಿಕ್ಕೆ ನನಗಿರುವುದು ಅದೊಂದೇ.

ನಿನ್ನ ದಾರಿ ಕಾಯುವ
ಕಿಟ್ಟಿ

*

ಕೆ.ಆರ್. ಪೇಟೆ
೧೦ ಜನವರಿ ೨೦೨೫

ಕಿಟ್ಟಿಗೆ,

ಪೊದೆಯಲ್ಲಿ ನೀನಿದ್ದದ್ದು ನನಗೆ ಕಾಣಿಸಿತು.

ನೀಲಿ ಬೈಕು ಯಾವಾಗ ಕೊಂಡೆ ಅಂತ ಕೇಳಿದೆ. ದೀಪಾವಳಿಗೆ ಮೊದಲೇ ಕೊಂಡೆ. ಹಾರೆಯ ಲೆಕ್ಕ ಬರೆದಿದ್ದೆಯಲ್ಲ, ಅದನ್ನು ಓದಿದ ವಾರವೇ. ನೂರ ನಲವತ್ತರ ಫೋರ್ಕಿಗೆಂದೇ ಮಾಡಿದ ಚೌಕಟ್ಟೊಂದು ಬೇಕು ಅಂತ ಅಜ್ಮಲ್‌ಗೆ ಹೇಳಿ ತರಿಸಿದೆ. ನಿನ್ನ ಮಾತನ್ನು ನಾನು ನಂಬಿದ್ದೆ ಕಿಟ್ಟಿ. ಐದು ವರ್ಷದಲ್ಲಿ ನೀನು ನನ್ನ ಒಳ್ಳೆಯದಕ್ಕೆ ಅಂತ ಹೇಳಿದ ಒಂದೇ ನಿಜ ಅದು, ಸೊಕ್ಕಿನಲ್ಲಿ ಹೇಳಿದರೂ ನಿಜ. ಅದಕ್ಕೇ ಇನ್ನೊಂದು ಸಲ ಕೇಳಿದ್ದು. ನಿನ್ನನ್ನು ಎಷ್ಟು ನೋಯಿಸಬಹುದೋ ಅಷ್ಟು ನೋಯಿಸಿ ಕೇಳಿದೆ. ಅಷ್ಟಾದ ಮೇಲೂ "ಹಾಕಬೇಡ" ಅಂದರೆ ಸಂಕ್ರಾಂತಿಯವರೆಗೂ ಕಾಯದೆ ಬಂದುಬಿಡಬೇಕು ಅಂದುಕೊಂಡಿದ್ದೆ. ನಾನು ಬರೆದ ಅಳತೆ ಹಳೆಯ ಬೈಕಿನದಲ್ಲ. ಆ ಕೆಂಪು ಬೈಕಿನ ಕತ್ತನ್ನು ನೀನೇ ಎಷ್ಟು ಸಲ ಬಿಚ್ಚಿ ಗ್ರೀಸು ಹಾಕಿದ್ದೀಯ. ನನ್ನನ್ನು ಕೊಲ್ಲುವ ಆತುರದಲ್ಲಿ ಅದೂ ನಿನ್ನ ಕಣ್ಣಿಗೆ ಬೀಳಲಿಲ್ಲ.

ಫೋರ್ಕು ಬಂದ ಸಂಜೆ ಸೀರೆ ಬಿಚ್ಚಿ ನೋಡಿದೆ. ಕೊಯ್ದಿತ್ತು. ಕಾಗದ ಇನ್ನೂ ಬಾರದಿದ್ದರೂ ಉತ್ತರ ಗೊತ್ತಾಯಿತು. ಎರಡು ದಿನ ನನಗೂ ಊಟ ಸೇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕುಳ್ಳಯ್ಯ ನಿನ್ನ ಕವರು ತಂದುಕೊಟ್ಟ. ಬಾಗಿಲಲ್ಲೇ ನಿಂತು ಓದಿದೆ. ಸಿಟ್ಟಿನಲ್ಲಿ ಕೊಯ್ದಿದ್ದಾನೆ, ಸಿಟ್ಟು ಇಳಿದ ಮೇಲೆ ಅತ್ತಿದ್ದಾನೆ, ಮನುಷ್ಯನಾದವನು ಇಷ್ಟೇ ತಾನೇ ಅನ್ನಿಸಿತು. ಒಳಗೆ ಹೋಗಿ ಬಟ್ಟೆ ಮಡಿಸಿ ಬ್ಯಾಗಿಗೆ ತುಂಬಿದೆ. ಸಂಜೆಯ ಬಸ್ಸಿಗೆ ಕ್ಯಾತನಹಳ್ಳಿಗೆ ಬರುವವಳಿದ್ದೆ. ಅತ್ತೆಗೆ ಅಂತ ಬಳೆ ಕೂಡ ಎತ್ತಿಟ್ಟುಕೊಂಡಿದ್ದೆ.

ಮಧ್ಯಾಹ್ನ ಅಂಚೆಯವನು ಬಂದ. ನೀನು ಮೊದಲು, ಇಪ್ಪತ್ತಾರರಂದು, ಬರೆದದ್ದು ನನಗೆ ಆಮೇಲೆ ಸಿಕ್ಕಿತು. ಸುಳ್ಳು ಆಣೆ ಇದೆ ಅಂತ ಮೊದಲೇ ಗೊತ್ತಿತ್ತಲ್ಲ, ಅದನ್ನು ತಡೆದುಕೊಂಡೆ. ಅಂಚು ಉಜ್ಜಿದ್ದನ್ನು ಬರೆದಿದ್ದೆ, ಅದನ್ನೂ ತಡೆದುಕೊಂಡೆ. "ಬಂಡೆಯ ಮೇಲೆ ಬ್ರೇಕ್ ಹಿಡಿಯಬೇಡ, ಪೂರ್ತಿ ಬಿಟ್ಟುಬಿಡು" ಅಂದಿದ್ದೆಯಲ್ಲ, ಅಲ್ಲಿ ನಿಂತೆ. ಸಿಟ್ಟಿಗೆ ಸುಳ್ಳು ಬರುತ್ತದೆ, ಇಂಥ ಉಪಾಯ ಬರುವುದಿಲ್ಲ. ಕತ್ತು ಮುರಿದರೂ ನಿಧಾನವಾಗಿದ್ದರೆ ಬದುಕಿಯಾಳು ಅಂತ ಯೋಚನೆ ಮಾಡಿ ಬರೆದ ಮಾತು ಅದು. ಕುಳ್ಳಯ್ಯನ ಕೈಯಲ್ಲಿ ಕಳಿಸಿದ ಕಾಗದದಲ್ಲಿ ಎಲ್ಲ ಒಪ್ಪಿಕೊಂಡಿದ್ದೀಯ, ಇದೊಂದನ್ನು ಬಿಟ್ಟು. ಆಮೇಲಿನವುಗಳಲ್ಲೂ ಇಲ್ಲ. ಮರೆತೆಯೋ, ನಾನು ಮರೆಯಲಿ ಅಂತ ಬಿಟ್ಟೆಯೋ, ನನಗೆ ಬೇಕಿಲ್ಲ. ಬ್ಯಾಗಿನಿಂದ ಬಟ್ಟೆ ತೆಗೆದು ಮತ್ತೆ ಬೀರುವಿಗೆ ಇಟ್ಟೆ.

ಒಂದು ಸಾಲು ಬರೆದಿದ್ದರೆ ನಿನ್ನ ಜೀವ ತಣ್ಣಗಾಗುತ್ತಿತ್ತು. ಗೊತ್ತಿದ್ದೇ ಬರೆಯಲಿಲ್ಲ. ಮೈದಾನದಲ್ಲಿ ಸೀಟಿ ಊದುವಾಗ ಗೇಟಿನ ಆಚೆ ನೀನು ನಿಂತದ್ದು ನೋಡಿದೆ, ಇನ್ನಷ್ಟು ಜೋರಾಗಿ ಊದಿದೆ. ಆವತ್ತು ಮಂಚದ ಕೆಳಗೆ ನಾನು ಹುಡುಕಿದ್ದೆ, ಅಚ್ಚು ನಿನ್ನ ಜೇಬಿನಲ್ಲಿತ್ತು. ಈ ಸಲ ನೀನು ಹುಡುಕಿದೆ.

ಬಂಡೆಯನ್ನು ಬ್ರೇಕ್ ಹಿಡಿದೇ ಇಳಿದೆ. ಅದಕ್ಕೇ ಎರಡನೆಯವಳಾದೆ.

ಸಂಕ್ರಾಂತಿಯ ಮಾರನೆಯ ದಿನ ಹಿರಿಯರು ಕೂರುತ್ತಾರೆ. ಇಪ್ಪತ್ತಾರರ ಕಾಗದ ಚಿಕ್ಕಸಿದ್ದಯ್ಯ ಮಾವನ ಕೈಯಲ್ಲಿದೆ, ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ಓದುತ್ತಾರೆ. ಆಣೆ ಅವರ ಮೇಲೆಯೇ ಇದೆಯಲ್ಲ. ಜೋಪಾನವಾಗಿಟ್ಟಿರು ಅಂದ ಕಾಗದವನ್ನು ಬಂದ ದಿನವೇ ಹಂಡೆಯ ಒಲೆಗೆ ಹಾಕಿ, ಆ ನೀರಿನಲ್ಲಿ ತಲೆಗೆ ಸ್ನಾನ ಮಾಡಿದೆ. ಆಮೇಲೆ ಬಂದವನ್ನೂ ಹಾಗೇ ಮಾಡಿದೆ. ಅಂಥ ಕಾಗದ ಬರಲೇ ಇಲ್ಲ ಅನ್ನುತ್ತೇನೆ. ಕುಳ್ಳಯ್ಯ ಕವರು ಕೊಟ್ಟೆ ಅಂದಾನು, ಅದರೊಳಗೆ ಏನಿತ್ತು ಅಂತ ಅವನೇನು ಬಲ್ಲ? ನಮ್ಮಪ್ಪನ ಹತ್ತಿರ ಗೇಟಿನಲ್ಲಿ ಆಡಿದ್ದು, ಹೆಂಡತಿಯನ್ನು ಬೈಕಿಗೆ ಕೂರಗೊಡದ ಗಂಡನ ಮಾತು ಅಂತಲೇ ಅವರು ತಿಳಿದಿದ್ದಾರೆ. ಆಣೆ ಕೇಳಿದರೆ ಅತ್ತೆಯ ಮೇಲೆಯೇ ಇಡುತ್ತೇನೆ. ಅದು ಎಷ್ಟು ಸುಲಭ ಅಂತ ನಿನ್ನಿಂದ ಕಲಿತೆ.

ಈ ಕಾಗದವನ್ನು ಹಿರಿಯರ ಮುಂದೆ ಹಿಡಿದರೆ ನೀನು ಉಳಿದುಕೊಳ್ಳಬಹುದು. ಎಲ್ಲ ನನ್ನ ಕೈಬರಹದಲ್ಲೇ ಇದೆ, ಧಾರಾಳವಾಗಿ ಹಿಡಿ. ಆದರೆ ಪೂರ್ತಿ ಓದಿಸಬೇಕಾಗುತ್ತದೆ. ನಿನ್ನನ್ನು ಗುರು ಅನ್ನುವ ಹುಡುಗರೂ ಅಲ್ಲೇ ಜಗಲಿಯ ಕೆಳಗೆ ನಿಂತಿರುತ್ತಾರೆ. ಅದಕ್ಕೇ ಮತ್ತೊಂದು ಸಲ ಬಿಡಿಸಿ ಬರೆಯುತ್ತೇನೆ: ಕ್ಯಾತನಹಳ್ಳಿಯ ಕಿಟ್ಟಿ ಕುಂತಿಬೆಟ್ಟದ ಬಂಡೆಯನ್ನು ಒಂದು ದಿನವೂ ಬೈಕಿನ ಮೇಲೆ ಇಳಿದಿಲ್ಲ. ಇಳಿದು, ತಳ್ಳಿಕೊಂಡು, ಪೊದೆಯ ದಾರಿಯಲ್ಲಿ ನಡುಗುತ್ತಾ ಬರುತ್ತಾನೆ. ಚೈನು ಒಂದು ಸಲವೂ ಕಳಚಿರಲಿಲ್ಲ.

ನೀನು ತೋರಿಸುವುದಿಲ್ಲ. ಹೆಂಡತಿಯನ್ನು ಕೊಲ್ಲಲಿಕ್ಕೆ ಹೊರಟಿದ್ದ ಅನ್ನಿಸಿಕೊಂಡಾದರೂ ಪಾಂಡವಪುರದಲ್ಲಿ ಅಂಗಡಿ ಬಾಗಿಲು ತೆರೆಯುತ್ತೀಯ, ಪುಕ್ಕಲ ಅನ್ನಿಸಿಕೊಂಡು ತೆರೆಯುವವನಲ್ಲ. ಐದು ವರ್ಷ ನಿನ್ನ ಜೊತೆ ಬಾಳಿದ್ದೇನೆ.

ಉಮ